ಕ್ವಿನೈನೂ ಕಣ್ಣಿನೊಳಗಣ ನಾಳಗಳೂ



ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಪಟ್ಟಣವಾಸಿಗಳಾದ ನಮಗೆ ಇಂದು ನೆನಪಾಗತಕ್ಕವು ಜೋಗದ ಜಲಪಾತ, ಬಿದನೂರಿನ ಕೋಟೆ, ಆಗುಂಬೆಯ ಮಳೆ, ಅಡಕೆಯ ತೋಟಗಳ ತಣ್ಣೆಳಲು. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಬಯಲುಸೀಮೆಯವರಿಗೆ ಈ ಹೆಸರುಗಳ ಬೆನ್ನಿಗೇ ನೆನಪಾಗುತ್ತಿದ್ದುದು ಚಳಿಜ್ವರ. ಮಲೆನಾಡಿಗೆ ವರ್ಗವಾಯಿತೆಂದರೆ ಸರ್ಕಾರಿ ನೌಕರನ ಮನೆಯಲ್ಲಿ ಗಾಬರಿ ಹುಟ್ಟುತ್ತಿದ್ದುದು ಬರಿಯ ಹಾಸ್ಯದ ಮಾತಲ್ಲ. ಹೊಟ್ಟೆಯ ಎಡಮಗ್ಗುಲಿನಲ್ಲಿ ಜ್ವರಗಡ್ಡೆ ಬೆಳೆದ ಮಕ್ಕಳು ಅಲ್ಲಿ ಊರೂರಿಗೂ ಇದ್ದರು. ಆ ಸೀಮೆಯ ಜನಸಂಖ್ಯೆ ಕುಗ್ಗುತ್ತಿದೆಯೆಂಬ ಚಿಂತೆ ಮೈಸೂರು ಸರ್ಕಾರವನ್ನು ಬಹುಕಾಲ ಕಾಡಿತು.

ಈ ಜ್ವರವನ್ನು ಹರಡುತ್ತಿದ್ದ ಸೊಳ್ಳೆಯ ಸ್ವಭಾವವೂ ವಿಚಿತ್ರವಾದುದು. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬುದು ಅದರ ಹೆಸರು. ಇದು ಕೊಳಚೆಯಲ್ಲಿ ಹುಟ್ಟುವುದಲ್ಲ. ದಂಡೆಯಲ್ಲಿ ಹುಲ್ಲು ಬೆಳೆದಿರುವ, ಮೆಲ್ಲಮೆಲ್ಲನೆ ಹರಿಯುವ, ಕನ್ನಡಿಯಂತೆ ತಿಳಿಯಾದ ನೀರನ್ನೇ ಅರಸಿಕೊಂಡು ಬರತಕ್ಕದ್ದು. ಬೆಟ್ಟದ ತಪ್ಪಲಿನ ಹಳ್ಳಗಳೂ ತೋಟದ ಕಾಲುವೆಗಳೂ ಅದಕ್ಕೆ ತವರುಮನೆಗಳಾಗಿದ್ದವು. ಚರಂಡಿಯನ್ನು ಶುಚಿಮಾಡಿದರೆ ಸಾಕೆಂಬ ಬಯಲುಸೀಮೆಯ ಉಪದೇಶ ಅಲ್ಲಿ ಫಲಿಸದೆ ಹೋದುದಕ್ಕೆ ಇದೇ ಕಾರಣ. ೧೯೪೬ರಲ್ಲಿ ನೆರೆಯ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರು ಮನೆಗಳ ಗೋಡೆಗಳಿಗೆ ಡಿ.ಡಿ.ಟಿ.ಯನ್ನು ಎರಚಿಸಿ ಈ ಸೊಳ್ಳೆಯನ್ನು ಅಡಗಿಸಬಹುದೆಂದು ತೋರಿಸಿದರು. ೧೯೫೩ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಯೋಜನೆ ಬಂದಿತು. ಅಲ್ಲಿಯವರೆಗೆ ಮಲೆನಾಡಿನವರಿಗಿದ್ದ ಮುಖ್ಯ ಆಸರೆ ಒಂದೇ, ಅದು ಕ್ವಿನೈನು. ಜನರ ಬಾಯಲ್ಲಿ ಅದು ಕೊಯಿನಾ.

ಸಿಂಕೋನ ಮರದ ತೊಗಟೆಯಿಂದ ಈ ಸಾರವನ್ನು ೧೮೨೦ರಲ್ಲಿ ಬೇರ್ಪಡಿಸಿದವರು ಪೆಲ್ತಿಯೇ ಮತ್ತು ಕಾವಾಂತು ಎಂಬ ಇಬ್ಬರು ಫ್ರೆಂಚ್ ರಸಾಯನಶಾಸ್ತ್ರಜ್ಞರು. ೧೮೯೦ರ ದಶಕದಿಂದ ಬ್ರಿಟಿಷ್ ಇಂಡಿಯಾದಲ್ಲಿ ಅಂಚೆಯ ಕಚೇರಿಗಳಲ್ಲಿಯೂ ಅದರ ಪೊಟ್ಟಣಗಳು ಕಾಸಿಗೆ ದೊರೆಯುವಂತಾಯಿತು. ನಾಲಗೆಯನ್ನು ಮರಗಟ್ಟಿಸುವಂತಹ ಕಹಿ. ಆದರೂ ಕೋಟ್ಯಂತರ ಪ್ರಾಣಗಳನ್ನು ಉಳಿಸಿದ ಮದ್ದು. ಬೆಳೆದ ಮನುಷ್ಯನಿಗೆ ಹತ್ತು ಗ್ರೇನಿನಂತೆ ದಿನಕ್ಕೆ ಮೂರು ಸಲ, ಎಂದರೆ ಒಂದೊಂದು ಸಲಕ್ಕೆ ಸುಮಾರು ೬೫೦ ಮಿಲಿಗ್ರಾಮು ಕೊಡುವುದು ವಾಡಿಕೆಯಾಗಿತ್ತು. ಎರಡನೆಯ ದಿನಕ್ಕೆಲ್ಲ ರೋಗಿಯ ಕಿವಿ ಗುಂಯ್‌ಗುಡುತ್ತಿತ್ತು, ತಲೆ ತಿರುಗುತ್ತಿತ್ತು. ಕಿವಿಯ ಮೊರೆತವನ್ನು ಮದ್ದು ಮೈಗೆ ಹತ್ತಿದುದರ ಗುರುತೆಂದು ವೈದ್ಯರೂ ಎಣಿಸುತ್ತಿದ್ದರು. ಅದೇ ಹೊತ್ತಿಗೆ ಕಣ್ಣು ತುಸು ಮಂಜಾಗುವುದೂ ಉಂಟು. ಈ ಮಟ್ಟದಲ್ಲಿ ಇವೆಲ್ಲವೂ ಮದ್ದು ನಿಂತ ಮೇಲೆ ಇಳಿದುಹೋಗತಕ್ಕವು.

ನಮ್ಮ ಇಂದಿನ ವಿಷಯ ಆ ಮಟ್ಟವನ್ನು ದಾಟಿದಾಗ ಕಣ್ಣಿಗೆ ಬರುವ ಕೇಡು. ಮಾತ್ರೆಗಳನ್ನು ಲೆಕ್ಕ ತಪ್ಪಿ ನುಂಗಿದವರು, ಪೊಟ್ಟಣ ಕೈಗೆ ಸಿಕ್ಕಿದ ಮಕ್ಕಳು, ಗರ್ಭವನ್ನು ಇಳಿಸಿಕೊಳ್ಳಲೆಂದು ಗುಟ್ಟಾಗಿ ಹೆಚ್ಚು ತೆಗೆದುಕೊಂಡ ಹೆಂಗಸರು, ಬದುಕೇ ಬೇಡವೆಂದು ತೆಗೆದುಕೊಂಡವರು: ಇಂತಹವರಲ್ಲಿ ಈ ಕೇಡು ಕಂಡುಬಂದುದು. ಒಮ್ಮೆಗೇ ಹಲವು ಗ್ರಾಮುಗಳಷ್ಟು ಕ್ವಿನೈನು ಒಳಗೆ ಹೋದರೆ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ, ಎರಡು ಕಣ್ಣುಗಳೂ ಒಟ್ಟಿಗೆ ಕತ್ತಲಾಗುತ್ತವೆ. ದೀಪವನ್ನು ಮುಖದ ಮುಂದೆ ಹಿಡಿದರೂ ಬೆಳಕಿದೆಯೆಂದು ತಿಳಿಯದಷ್ಟು ಕತ್ತಲು. ಕಣ್ಣಪಾಪೆಗಳು ಅರಳಿ ನಿಂತುಬಿಡುತ್ತವೆ. ಕೆಲವರ ಮೈಯಂತೂ ಎಷ್ಟು ಸೂಕ್ಷ್ಮವೆಂದರೆ ಅದಕ್ಕಿಂತ ಕಡಮೆಯ ಪ್ರಮಾಣವೂ ಅವರಿಗೆ ಒಗ್ಗದು.

ಇಂತಹ ಕಣ್ಣಿನೊಳಗೆ ಇಣಿಕಿ ನೋಡಿದರೆ ಕಾಣುವುದೇನು? ಅದಕ್ಕೆ ಮೊದಲು ಸಹಜವಾದ ಕಣ್ಣಿನ ಒಳನೋಟವನ್ನು ಎರಡು ಮಾತಿನಲ್ಲಿ ಹೇಳಬೇಕು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿದ್ವಾಂಸನು ೧೮೫೧ರಲ್ಲಿ ನೇತ್ರದರ್ಶಕವೆಂಬ ಉಪಕರಣವನ್ನು ಲೋಕಕ್ಕೆ ತಿಳಿಯಪಡಿಸಿದನು. ಚರ್ಮವನ್ನು ಸೀಳದೆ ಜೀವಂತ ಮನುಷ್ಯನ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಎಡೆ ದೇಹದಲ್ಲಿ ಇದೊಂದೇ ಎನ್ನಬಹುದು. ಕಣ್ಣಿನ ಹಿಂಗೋಡೆಯ ಮೇಲೆ ಕಿತ್ತಿಳೆಗೆಂಪಿನ ಅಕ್ಷಿಪಟಲ. ಅದರ ಒಂದು ಪಕ್ಕದಲ್ಲಿ ಒಂದೂವರೆ ಮಿಲಿಮೀಟರು ಅಗಲದ, ನಸುಗೆಂಪು ಛಾಯೆಯ ಬಿಲ್ಲೆ. ಈ ಬಿಲ್ಲೆಯೇ ದೃಷ್ಟಿನರದ ತುದಿ. ಹತ್ತು ಲಕ್ಷಕ್ಕೂ ಮಿಕ್ಕ ನರತಂತುಗಳು ಅಕ್ಷಿಪಟಲದ ಎಲ್ಲ ಮೂಲೆಗಳಿಂದಲೂ ಹರಿದು ಬಂದು ಇಲ್ಲಿ ಒಟ್ಟುಗೂಡಿ ಮಿದುಳಿನ ಕಡೆಗೆ ಹೊರಡುತ್ತವೆ. ಅದೇ ಬಿಲ್ಲೆಯ ನಡುವಿನಿಂದ ಒಂದು ಧಮನಿ ಒಳಗೆ ಬಂದು, ಮೇಲಕ್ಕೂ ಕೆಳಕ್ಕೂ ಕವಲೊಡೆದು, ಮರದ ಕೊಂಬೆಗಳಂತೆ ಹರಡಿಕೊಳ್ಳುತ್ತದೆ. ಜೊತೆಗೆ ಸಿರೆಗಳೂ ಇವೆ. ಧಮನಿ ಎರಡು ಪಾಲು ದಪ್ಪವಿದ್ದರೆ ಸಿರೆ ಮೂರು ಪಾಲು. ಇದು ಆರೋಗ್ಯದ ಲೆಕ್ಕ. ಈ ನಾಳಗಳು ಅಕ್ಷಿಪಟಲದ ಒಳಪದರಗಳಿಗೆ ಮಾತ್ರ ಅನ್ನವನ್ನು ಒದಗಿಸುತ್ತವೆ. ಹೊರಪದರದಲ್ಲಿರುವ, ಬೆಳಕನ್ನು ಹಿಡಿಯುವ ಕಣಗಳಿಗೆ ಹಿಂದಿನ ಇನ್ನೊಂದು ರಕ್ತದ ಹಾಸಿನಿಂದ ಪೋಷಣೆ ಬರುತ್ತದೆ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

ಕ್ವಿನೈನಿನಿಂದ ಕಣ್ಣು ಹೋದವನನ್ನು ಕೆಲವು ವಾರಗಳ ತರುವಾಯ ಪರೀಕ್ಷಿಸಿದರೆ ಕಾಣುವ ನೋಟ ಮರೆಯುವಂತಹುದಲ್ಲ. ಧಮನಿಗಳು ದಾರದಂತೆ ಸಣ್ಣಗಾಗಿವೆ. ಕೆಲವೆಡೆ ಬಿಳಿಯ ಗೆರೆಗಳಷ್ಟೇ ಉಳಿದಿವೆ. ಬಿಲ್ಲೆ ಸುಣ್ಣದಂತೆ ಬೆಳ್ಳಗಾಗಿದೆ. ದೃಷ್ಟಿನರಕ್ಕೆ ವಿಷವಾಗತಕ್ಕ ಪದಾರ್ಥಗಳಲ್ಲಿ ನಾಳಗಳನ್ನು ಇಷ್ಟೊಂದು ಕುಗ್ಗಿಸುವುದು ಬೇರೆ ಇಲ್ಲವೆಂದೇ ಹೇಳಬೇಕು. ಇದನ್ನು ಕಂಡ ಹಿಂದಿನ ವೈದ್ಯರು ಒಂದು ತೀರ್ಮಾನಕ್ಕೆ ಬಂದರು: ಕ್ವಿನೈನು ಧಮನಿಗಳನ್ನು ಹಿಂಡುತ್ತದೆ, ರಕ್ತ ನಿಲ್ಲುತ್ತದೆ, ರಕ್ತವಿಲ್ಲದೆ ನರ ಸಾಯುತ್ತದೆ. ಕಣ್ಣಿಗೆ ಕಂಡುದನ್ನು ನಂಬಿದ ತೀರ್ಮಾನ. ಕೇಳಿದವರಿಗೆ ಒಡನೆ ಒಪ್ಪಿಗೆಯಾಗತಕ್ಕದ್ದು. ಅದಕ್ಕೆ ತಕ್ಕಂತೆ ಚಿಕಿತ್ಸೆಯೂ ಏರ್ಪಟ್ಟಿತು. ನಾಳಗಳನ್ನು ಅಗಲಿಸುವ ಮದ್ದುಗಳನ್ನು ಮೂಸಿಸಿದರು, ಚುಚ್ಚಿದರು. ಕುತ್ತಿಗೆಯ ಬುಡದಲ್ಲಿರುವ ನರಗಂಟಿಗೆ ಸೂಜಿಯಿಂದ ಮದ್ದು ಹಾಕಿ, ನಾಳಗಳ ಮೇಲಿನ ಅದರ ಬಿಗಿಹಿಡಿತವನ್ನು ಸಡಿಲಿಸಲೆತ್ನಿಸಿದರು. ಆ ಸೂಜಿ ಅಪಾಯವಿಲ್ಲದ ಸೂಜಿಯೇನೂ ಅಲ್ಲ. ಇದು ದಶಕಗಳ ಕಾಲ ನಡೆದುಬಂದಿತು.

ಇಲ್ಲಿ ಒಂದು ತೊಡಕಿದೆ. ಆ ವೈದ್ಯರಲ್ಲಿ ಅನೇಕರು ರೋಗಿಯನ್ನು ಕಂಡುದು ಯಾವಾಗ? ತೀರ್ಥಹಳ್ಳಿಯ ಒಳಹಳ್ಳಿಯೊಂದರಲ್ಲಿ ಮಳೆಗಾಲದ ನಡುವೆ ಒಬ್ಬನಿಗೆ ಹೀಗಾಯಿತೆಂದು ಎಣಿಸಿಕೊಳ್ಳೋಣ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಈಗಿನ ಕಟ್ಟಡಕ್ಕೆ ಬಂದುದು ೧೯೧೩ರಲ್ಲಿ. ಅಂದಿನ ದಿನಗಳಲ್ಲಿ ಅಲ್ಲಿಗೆ ಹೋಗಬೇಕಾದರೆ ಹೊಳೆಗಳು ಇಳಿಯಬೇಕು, ಗಾಡಿ ಸಿಗಬೇಕು, ಶಿವಮೊಗ್ಗವನ್ನು ಸೇರಿ ರೈಲು ಹತ್ತಬೇಕು. ಸಾಗರದ ಕಡೆಗೆ ರೈಲು ಬಂದುದೇ ೧೯೪೦ರ ಸುಮಾರಿಗೆ. ತೀರ್ಥಹಳ್ಳಿಗೆ ಇಂದಿಗೂ ಬಂದಿಲ್ಲ. ರೋಗಿ ವೈದ್ಯರ ಮುಂದೆ ಕುಳಿತುಕೊಳ್ಳುವ ಹೊತ್ತಿಗೆ ವಾರಗಳು ಕಳೆದಿರುತ್ತಿದ್ದವು. ಮಲೆನಾಡಿನ ಮಾತು ಹಾಗಿರಲಿ, ಬೇರೆ ದೇಶಗಳಲ್ಲಿಯೂ ತಜ್ಞರ ಕೈಗೆ ರೋಗಿಗಳು ಸಿಕ್ಕುತ್ತಿದ್ದುದು ಸಾಮಾನ್ಯವಾಗಿ ತಡವಾಗಿಯೇ. ಕಥೆಯ ಕೊನೆಯ ಪುಟವನ್ನು ಮಾತ್ರ ಓದಿ ಮೊದಲ ಪುಟವನ್ನು ಊಹಿಸಿದಂತಾಗಿತ್ತು ಅವರ ಸ್ಥಿತಿ.

ಮುಂದೆ ಆಸ್ಪತ್ರೆಗಳು ಹತ್ತಿರವಾಗಿ, ವಿಷ ಸೇವಿಸಿದ ಕೆಲವೇ ಗಂಟೆಗಳಲ್ಲಿ ರೋಗಿಗಳನ್ನು ಪರೀಕ್ಷಿಸುವುದು ಸಾಧ್ಯವಾದಾಗ ಬೇರೆಯೇ ನೋಟ ಕಂಡಿತು. ರೋಗಿಗೆ ಬೆಳಕೇ ತಿಳಿಯದಂತಹ ಹೊತ್ತಿನಲ್ಲಿ ಅವನ ಕಣ್ಣಿನ ಧಮನಿಗಳು ಬಹುಮಟ್ಟಿಗೆ ಸಹಜವಾಗಿಯೇ ಇದ್ದವು! ಕೆಲವೊಮ್ಮೆ ಅಕ್ಷಿಪಟಲ ತುಸು ಬಿಳಿಚಿ ಊದಿಕೊಂಡಂತಿರುತ್ತದೆ, ಅಷ್ಟೆ. ತೋಳಿನ ಸಿರೆಗೆ ಹೊಳೆಯುವ ಬಣ್ಣವೊಂದನ್ನು ಚುಚ್ಚಿ, ಅದು ಕಣ್ಣಿನ ನಾಳಗಳಲ್ಲಿ ಹರಿಯುವುದನ್ನು ಛಾಯಾಚಿತ್ರಗಳಲ್ಲಿ ಸೆರೆಹಿಡಿಯುವ ವಿಧಾನ ೧೯೬೦ರ ದಶಕದಿಂದ ಬಳಕೆಗೆ ಬಂದಿತು. ಅದರಲ್ಲಿಯೂ ಆ ಮೊದಲ ಹಂತದಲ್ಲಿ ರಕ್ತದ ಹರಿವು ನಿಂತ ಗುರುತು ಕಾಣಲಿಲ್ಲ. ಅದೇ ಸಮಯದಲ್ಲಿ ಅಕ್ಷಿಪಟಲದ ವಿದ್ಯುತ್ಸ್ಪಂದನವನ್ನು ಅಳೆದರೆ ಅದು ಕೆಟ್ಟಿರುವುದು ಗೊತ್ತಾಯಿತು. ವಿಷ ತಟ್ಟಿದುದು ನೇರವಾಗಿ ಅಕ್ಷಿಪಟಲದ ಕಣಗಳಿಗೆ, ಅದರಲ್ಲಿಯೂ ದೃಷ್ಟಿನರಕ್ಕೆ ತಂತುಗಳನ್ನು ಕಳುಹಿಸುವ ಗಂಟುಕಣಗಳಿಗೆ.

ಇನ್ನೂ ಸೋಜಿಗವಾದುದೊಂದುಂಟು. ಕೆಲವು ದಿನಗಳೋ ವಾರಗಳೋ ಕಳೆದಂತೆ ರೋಗಿಗೆ ನಟ್ಟನಡುವಿನ ನೋಟ ಮರಳಲಾರಂಭಿಸುತ್ತದೆ. ನಾಳಗಳು ಸಣ್ಣಗಾಗುವುದು ಅದೇ ಅವಧಿಯಲ್ಲಿ! ದೃಷ್ಟಿ ಏರುತ್ತಿರುವಾಗ ನಾಳ ಇಳಿಯುತ್ತಿದೆ. ನಾಳ ಬಿಗಿದುದರಿಂದ ಕಣ್ಣು ಹೋಗಿದ್ದರೆ ಇದು ಹೇಗೆ ಕೂಡಿಬಂದೀತು?

ಇದಕ್ಕೆ ಉತ್ತರವನ್ನು ಮಲೆನಾಡಿನ ತೋಟದಲ್ಲಿಯೇ ನೋಡಬಹುದು. ಕಣಿವೆಯ ಮೇಲುಗಡೆ ಕೆರೆ, ಕೆಳಗೆ ಅಡಕೆಯ ತೋಟ, ನಡುವೆ ಕಾಲುವೆ. ತೋಟ ಕೊಳೆರೋಗದಿಂದಲೋ ಒಕ್ಕಲು ಬಿಟ್ಟುಹೋದುದರಿಂದಲೋ ಹಾಳಾಯಿತೆನ್ನಿ. ನೀರನ್ನು ಬೇಡುವವರಿಲ್ಲ, ಕಾಲುವೆಯ ಹೂಳನ್ನು ತೆಗೆಯುವವರಿಲ್ಲ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಮಾರಗಲದ ಕಾಲುವೆ ಗೇಣಗಲಕ್ಕೆ ಬರುತ್ತದೆ. ಆಮೇಲೆ ಬಂದು ನೋಡಿದವನು ‘ಕಾಲುವೆ ಮುಚ್ಚಿತು, ಆದುದರಿಂದ ತೋಟ ಒಣಗಿತು’ ಎಂದರೆ ಅವನ ಕಣ್ಣಿನ ತಪ್ಪೇನೂ ಇಲ್ಲ. ಅವನು ಬಂದ ಕಾಲ ಅಂತಹುದು. ಅಕ್ಷಿಪಟಲದ ನಾಳಗಳಿಗೆ ಬೇಡಿಕೆಗೆ ತಕ್ಕಂತೆ ಹಿಗ್ಗುವ, ಕುಗ್ಗುವ ಗುಣವುಂಟು. ಗಂಟುಕಣಗಳು ಸತ್ತು ಒಳಪದರ ತೆಳುವಾದರೆ ಅಲ್ಲಿಗೆ ಬೇಕಾದ ರಕ್ತವೇ ಕಡಮೆ. ಅದರ ಮೇಲೆ, ನಾವು ಆಗಲೇ ಹೇಳಿದ ಹಿಂದಣ ರಕ್ತದ ಹಾಸಿನಿಂದ ಪ್ರಾಣವಾಯು ಈ ತೆಳುವಾದ ಪದರದವರೆಗೂ ಸುಲಭವಾಗಿ ಹಾಯ್ದುಬರುತ್ತದೆ. ಮುಂದಣ ಧಮನಿಗೆ ಕೆಲಸ ಉಳಿಯುವುದಿಲ್ಲ, ಅದು ಸಣ್ಣಗಾಗುತ್ತದೆ. ನಾಳದ ಬಿಗಿತ ಮೊದಲ ಪೆಟ್ಟಿಗೆ ಸ್ವಲ್ಪ ಕೈಗೂಡಿಸಿರಬಹುದೆಂದು ವಾದಿಸಿದವರು ಉಂಟು. ಆದರೆ ದಾರದಂತಾದ ಧಮನಿಗಳ ಆ ನೋಟ ಬಹುಪಾಲು ನಷ್ಟದ ತರುವಾಯ ಮೂಡಿದ ಗುರುತೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಹೀಗೆಂದಮೇಲೆ ಆ ಸೂಜಿಗಳ ಗತಿಯೇನು? ನರಗಂಟಿಗೆ ಮದ್ದು ಹಾಕಿದವರಲ್ಲಿಯೂ ಹಾಕದವರಲ್ಲಿಯೂ ದೃಷ್ಟಿ ಮರಳಿದ ಬಗೆ ಒಂದೇ ತೆರನಾಗಿತ್ತು. ೧೯೮೦ರ ದಶಕದ ಹೊತ್ತಿಗೆ ಅದು ನಿಷ್ಪ್ರಯೋಜಕವೆಂದು ಗೊತ್ತಾಗಿ ಕೈಬಿಟ್ಟರು. ಈಗ ಮಾಡತಕ್ಕದ್ದು ಇಷ್ಟೆ: ಬೇಗ ಬಂದವರಿಗೆ ಇದ್ದಲಿನ ಪುಡಿಯನ್ನು ಕುಡಿಸಿ ಹೊಟ್ಟೆಯಲ್ಲಿ ಉಳಿದಿರುವ ವಿಷವನ್ನು ಹಿಡಿಸುವುದು, ಮತ್ತು ಹೃದಯದ ಮೇಲೆ ಕಣ್ಣಿಟ್ಟಿರುವುದು. ಏಕೆಂದರೆ ಕ್ವಿನೈನು ಅತಿಯಾದರೆ ಹೃದಯದ ಲಯವನ್ನೂ ಕೆಡಿಸುತ್ತದೆ. ಪ್ರಾಣ ಹೋಗುವುದು ಅದರಿಂದ.

ನೋಟ ಮರಳಿದವನ ಸ್ಥಿತಿಯನ್ನೂ ಸ್ವಲ್ಪ ಹೇಳಬೇಕು. ಅವನನ್ನು ಅಕ್ಷರಗಳ ಹಲಗೆಯ ಮುಂದೆ ಕೂಡಿಸಿದರೆ ಕೊನೆಯ ಸಾಲಿನವರೆಗೂ ಓದಿಬಿಡಬಹುದು. ‘ದೃಷ್ಟಿ ಪೂರ್ತಿಯಾಗಿ ಬಂದಿದೆ’ ಎಂದು ಬರೆದುಕೊಡುವುದೂ ಸುಲಭ. ಅಂತಹವನೇ ಊರಿಗೆ ಹೋಗಿ ಹಳ್ಳದ ಮೇಲಿನ ಸಂಕವನ್ನು ದಾಟಲಾರನು. ಆಚೆಯ ದಡ ಅವನಿಗೆ ಸೊಗಸಾಗಿ ಕಾಣುತ್ತದೆ. ಕಾಲ ಕೆಳಗಿನ ಮರದ ಅಂಚು ಕಾಣುವುದಿಲ್ಲ. ಉಳಿದಿರುವುದು ಬಿದಿರಿನ ಕೊಳವೆಯಲ್ಲಿ ನೋಡಿದಂತಹ ನಡುನೋಟ ಮಾತ್ರ. ಸುತ್ತಣ ನೋಟ ಕ್ವಿನೈನಿನ ಪಾಲಾಗಿರುತ್ತದೆ. ಸಂಜೆಯ ಮೇಲಂತೂ ಅವನ ಸ್ಥಿತಿ ಇನ್ನೂ ಕಷ್ಟ. ನಡುನೋಟವನ್ನಷ್ಟೇ ಅಳೆಯುವ ಪರೀಕ್ಷೆಯ ಮೇಲೆ ನಾವು ಇಡುವ ವಿಶ್ವಾಸ ಸ್ವಲ್ಪ ಅತಿಯೆಂದೇ ನಮ್ಮ ಎಣಿಕೆ.

ಬೇರೆ ವಿಷಗಳ ಹಾದಿ ಬೇರೆ. ೧೯೮೧ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ೩೦೦ಕ್ಕೂ ಹೆಚ್ಚು ಮಂದಿ ಸತ್ತುದು ಅನೇಕರಿಗೆ ನೆನಪಿರಬಹುದು. ಅಲ್ಲಿ ಬೆರೆತಿದ್ದುದು ಮೆಥನಾಲ್, ಎಂದರೆ ಮರದ ಮದ್ಯಸಾರ. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗುತ್ತದೆ. ಇರುವೆಯ ಮೈಯಲ್ಲಿರುವ ಹುಳಿಯೂ ಇದೇ. ಕಣಗಳು ಪ್ರಾಣವಾಯುವನ್ನು ಬಳಸದಂತೆ ಅದು ಕಟ್ಟುಹಾಕುತ್ತದೆ. ನಾಳಗಳಲ್ಲಿ ರಕ್ತ ಹರಿಯುತ್ತಿರುತ್ತದೆ, ಆದರೆ ನರ ಉಸಿರುಕಟ್ಟಿ ಸಾಯುತ್ತದೆ. ಮೊದಲು ಬಿಲ್ಲೆ ಕೆಂಪಡರಿ ಊದಿಕೊಳ್ಳುತ್ತದೆ. ವಾರಗಳ ಮೇಲೆ ಬಿಳುಪೇರಿ ಧಮನಿಗಳು ಕುಗ್ಗುತ್ತವೆ. ಇಲ್ಲಿಯೂ ನಾಳದ ಗುರುತು ಹಿಂದಿನಿಂದ ಬಂದುದೇ.

ನಾಳವೇ ಮೊದಲು ಕೆಡುವ ಕಾಯಿಲೆಗಳು ಇಲ್ಲವೆಂದು ಶ್ರೋತೃಗಳು ತಿಳಿಯಬಾರದು. ಇದೇ ಮೂರು ತಾಲ್ಲೂಕುಗಳಲ್ಲಿ ಇಂದು ಕಾಡಿನಂಚಿನವರಿಗೆ ಜ್ವರ ಬಂದರೆ ಮೊದಲು ಹುಟ್ಟುವ ಅಂಜಿಕೆ ಮಂಗನ ಕಾಯಿಲೆಯದು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರಿನಿಂದ ಲೋಕಕ್ಕೆ ಪರಿಚಿತವಾದ ಈ ಜ್ವರ ಉಣುಗಿನ ಕಡಿತದಿಂದ ಬರತಕ್ಕದ್ದು; ೨೦೧೮–೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಿನಲ್ಲಿ ಅದು ಮಾಡಿದ ಹಾವಳಿ ಇನ್ನೂ ಹಸಿಯಾಗಿದೆ. ಅದರಲ್ಲಿ ಕೆಲವರ ಅಕ್ಷಿಪಟಲದಲ್ಲಿಯೂ ಕಣ್ಣಿನೊಳಗಣ ದ್ರವದಲ್ಲಿಯೂ ರಕ್ತ ಸೋರಿರುವುದನ್ನು ವೈದ್ಯರು ವರ್ಣಿಸಿದ್ದಾರೆ. ಅಲ್ಲಿ ಕಾಲುವೆಯೇ ಒಡೆದು ಕೆಂಪು ನೀರು ತೋಟಕ್ಕೆ ನುಗ್ಗಿದಂತೆ. ಒಂದೇ ಸೀಮೆಯ ಎರಡು ಜ್ವರಗಳು: ಒಂದರಲ್ಲಿ ಕಾಯಿಲೆಯೇ ನಾಳವನ್ನು ಒಡೆಯಿತು, ಇನ್ನೊಂದರಲ್ಲಿ ಮದ್ದು ನರವನ್ನು ಕೊಂದು ನಾಳವನ್ನು ಬರಿದು ಮಾಡಿತು. ಒಳಗೆ ಇಣಿಕಿದ ವೈದ್ಯನು ಎರಡನ್ನೂ ಒಂದೇ ಹೆಸರಿನಿಂದ ಕರೆಯಲಾಗದು.

ಕ್ವಿನೈನಿನ ಕಾಲ ಬಹುಮಟ್ಟಿಗೆ ಮುಗಿದಿದೆ. ೧೯೪೨ರಲ್ಲಿ ಜಾವಾ ದ್ವೀಪ ಜಪಾನರ ಕೈವಶವಾಗಿ ಸಿಂಕೋನದ ಸರಬರಾಜು ನಿಂತಾಗಲೇ ಬೇರೆ ಮದ್ದುಗಳು ಮುಂದೆ ಬಂದವು. ತೀವ್ರವಾದ ಮಲೇರಿಯಕ್ಕೆ ಇಂದು ಕೊಡುವುದು ಆರ್ಟಿಸುನೇಟ್ ಎಂಬ ಚುಚ್ಚುಮದ್ದನ್ನು. ಹಾಗಾದರೆ ಈ ಹಳೆಯ ಕಥೆ ಇಂದೇಕೆ? ಕ್ಷಯರೋಗಕ್ಕೆ ಕೊಡುವ ಮಾತ್ರೆಗಳಲ್ಲಿ ಎಥಾಂಬ್ಯುಟಾಲ್ ಎಂಬುದೊಂದುಂಟು. ಹಿಂದೆ ಅದನ್ನು ಸಾಧಾರಣ ರೋಗಿಗೆ ಮೊದಲ ಎರಡು ತಿಂಗಳು ಮಾತ್ರ ಕೊಡುತ್ತಿದ್ದರು. ೨೦೧೬ರಲ್ಲಿ ನಮ್ಮ ದೇಶದ ಕ್ರಮ ಬದಲಾದಮೇಲೆ ಆರು ತಿಂಗಳೂ ಅದನ್ನು ತೆಗೆದುಕೊಳ್ಳಬೇಕಾಯಿತು. ಮದ್ದಿಗೆ ಬಗ್ಗದ ಕ್ಷಯ ಇರುವುದರಿಂದ ಆ ಕ್ರಮ ಬೇಕಾದುದೇ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ತೂಕದ ಒಂದೊಂದು ಕಿಲೋಗ್ರಾಮಿಗೆ ಸುಮಾರು ೧೫ ಮಿಲಿಗ್ರಾಮಿನ ಲೆಕ್ಕದಲ್ಲಿ ಕೊಟ್ಟರೆ ಬಹುಪಾಲು ಮಂದಿಗೆ ಕಣ್ಣಿನ ತೊಂದರೆ ಬರುವುದಿಲ್ಲ. ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಮದ್ದು ಮೈಯಿಂದ ಹೊರಹೋಗದೆ ಕೂಡಿಕೊಳ್ಳುತ್ತದೆ. ಅವರಿಗೆ ಅಪಾಯ ಹೆಚ್ಚು. ಇದು ಕ್ವಿನೈನಿನಂತೆ ಸುತ್ತಣ ನೋಟವನ್ನಲ್ಲ, ನಟ್ಟನಡುವಿನ ನೋಟವನ್ನೂ ಬಣ್ಣವನ್ನೂ ಕಸಿಯತಕ್ಕದ್ದು. ಸಾಮಾನ್ಯವಾಗಿ ಎರಡು ತಿಂಗಳು ಕಳೆದ ಮೇಲೆ, ಎರಡು ಕಣ್ಣುಗಳಲ್ಲಿಯೂ, ನೋವಿಲ್ಲದೆ ಬರುತ್ತದೆ. ಕುಂಕುಮದ ಕೆಂಪು ಮಾಸಿದಂತೆ ತೋರುವುದು ಮೊದಲ ಗುರುತಾಗಬಹುದು.

ಇಂತಹ ರೋಗಿಯ ಕಣ್ಣಿನೊಳಗೆ ಆ ದಿನ ಇಣಿಕಿದರೆ ಬಿಲ್ಲೆ ನಸುಗೆಂಪಾಗಿಯೇ ಇರುತ್ತದೆ, ನಾಳಗಳು ತುಂಬಿಕೊಂಡೇ ಇರುತ್ತವೆ. ‘ಕಣ್ಣು ಚೆನ್ನಾಗಿದೆ, ಇದು ನಿಮ್ಮ ನಿಶ್ಶಕ್ತಿ’ ಎಂದು ಹೇಳಿ ಕಳುಹಿಸಿಬಿಡುವುದಕ್ಕೆ ಬೇಕಾದ ಎಲ್ಲ ಅನುಕೂಲವೂ ಅಲ್ಲಿದೆ. ಬೆಳಕಿನ ಕಿರಣದಿಂದಲೇ ಸೂಕ್ಷ್ಮನಾಳಗಳನ್ನು ಎಣಿಸುವ ಓ.ಸಿ.ಟಿ. ಆಂಜಿಯೋಗ್ರಫಿ ಎಂಬ ಹೊಸ ಉಪಕರಣ ಈಚೆಗೆ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಬಂದಿದೆ. ಬಣ್ಣ ಚುಚ್ಚುವ ಅಗತ್ಯವೂ ಇಲ್ಲ. ಎಥಾಂಬ್ಯುಟಾಲಿನಿಂದ ನರತಂತುಗಳು ತೆಳುವಾದ ಕಡೆಯಲ್ಲಿ ಬಿಲ್ಲೆಯ ಸುತ್ತಣ ಸೂಕ್ಷ್ಮನಾಳಗಳೂ ವಿರಳವಾಗಿರುವುದನ್ನು ಅದು ತೋರಿಸಿದೆ. ಕೂದಲಿನಂತಹ ನಾಳಗಳಲ್ಲಿಯೂ ಕಾಲುವೆಯ ನ್ಯಾಯವೇ! ಆದರೆ ಆ ಉಪಕರಣ ಹೇಳುವ ಹೊತ್ತಿಗೆ ತಂತುಗಳು ಹೋಗಿರುತ್ತವೆ. ಅದಕ್ಕಿಂತ ಮುಂಚೆ ಹೇಳಬಲ್ಲವನು ರೋಗಿಯೊಬ್ಬನೇ.

ಆದುದರಿಂದ ನಮ್ಮ ಶ್ರೋತೃಗಳ ಮನೆಯಲ್ಲಾಗಲಿ ಬಂಧುಗಳಲ್ಲಾಗಲಿ ಯಾರಾದರೂ ಈ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದರೆ, ಆರಂಭದಲ್ಲಿಯೇ ದೃಷ್ಟಿಯನ್ನೂ ಬಣ್ಣದ ತಿಳಿವನ್ನೂ ಪರೀಕ್ಷಿಸಿ ಬರೆಸಿಟ್ಟುಕೊಳ್ಳತಕ್ಕದ್ದು. ಆಮೇಲೆ ಮನೆಯಲ್ಲಿ ವಾರಕ್ಕೊಮ್ಮೆ, ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ, ಒಂದೇ ಪತ್ರಿಕೆಯ ಅದೇ ಗಾತ್ರದ ಅಕ್ಷರಗಳನ್ನು ಓದಿ ನೋಡಬೇಕು. ಒಂದು ಕೆಂಪು ವಸ್ತುವನ್ನು ಗೊತ್ತುಮಾಡಿಕೊಂಡು ಅದರ ಬಣ್ಣ ಮೊದಲಿನಂತೆಯೇ ಇದೆಯೇ ಎಂದು ನೋಡಬೇಕು. ವ್ಯತ್ಯಾಸ ಕಂಡರೆ ಮುಂದಿನ ತಿಂಗಳ ಮಾತ್ರೆಯ ದಿನದವರೆಗೆ ಕಾಯದೆ, ಅಂದೇ ಮದ್ದು ಕೊಡುವ ಆಸ್ಪತ್ರೆಗೆ ಹೋಗಿ ತಿಳಿಸಬೇಕು. ತಾವಾಗಿ ಎಲ್ಲ ಮಾತ್ರೆಗಳನ್ನೂ ಬಿಟ್ಟುಬಿಡುವುದು ಸಲ್ಲದು. ಯಾವುದನ್ನು ನಿಲ್ಲಿಸಬೇಕು, ಅದರ ಬದಲಿಗೆ ಯಾವುದನ್ನು ಕೊಡಬೇಕೆಂಬುದನ್ನು ವೈದ್ಯರು ಗೊತ್ತುಮಾಡುತ್ತಾರೆ. ನಿಲ್ಲಿಸಿದ ಮೇಲೂ ಕೆಲವು ವಾರ ನೋಟ ಇನ್ನಷ್ಟು ಇಳಿಯಬಹುದು, ಅದರಿಂದ ಎದೆಗುಂದಬೇಕಾದುದಿಲ್ಲ. ತಿಂಗಳುಗಳು ಹೋದಂತೆ ಅನೇಕರಿಗೆ ಅದು ಮರಳುತ್ತದೆ, ಬೇಗ ಹೇಳಿಕೊಂಡವರಿಗೆ ಹೆಚ್ಚಾಗಿ.